ಹೊರಗಿನ ಕುರ್ಚಿ

ನಾನು ಅವರನ್ನು ಮೊದಲು ನೋಡಿದಾಗ ಅವರು ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತಿದ್ದರು. ನೋಡಿದ ಕೂಡಲೇ ಬೈದೆ.

ಅದು ವೈದ್ಯ ಶಿಕ್ಷಕರ ಅಂತರರಾಷ್ಟ್ರೀಯ ಸಂಘದ ಸಮ್ಮೇಳನ. ರೋಗಿಗಳ ಜೊತೆ ಮಾತಾಡುವುದನ್ನು ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬೇಕು ಅಂತ ನನ್ನದೊಂದು ತರಗತಿ ಇತ್ತು. ಅದಕ್ಕಾಗಿ ರೋಗಿಯ ಪಾತ್ರ ಮಾಡುವ ನಟರನ್ನು ಕರೆಸಿದ್ದರು. ಮಂಚದ ಮೇಲೆ ಕೂತವರು ಅವರಲ್ಲೊಬ್ಬರು ಅಂದುಕೊಂಡೆ.

"ಸ್ವಲ್ಪ ಅತಿಯಾಯ್ತು," ಅಂದೆ. "ನಿಜವಾದ ಹೊಟ್ಟೆನೋವಿಗೆ ಯಾರೂ ಹೀಗೆ ಮುಖ ಕಿವುಚಲ್ಲ. ಇನ್ನೊಂದ್ಸಲ ಮಾಡಿ, ಸಹಜವಾಗಿರಲಿ."

ಪಾಪ, ಇನ್ನೊಂದು ಸಲ ಮಾಡಿದರು.

"ಈಗ ಪರವಾಗಿಲ್ಲ. ಯಾವ ನಾಟಕ ಕಂಪನಿ ನಿಮ್ದು?"

"ಅಂಗರಚನಾ ವಿಭಾಗ," ಅಂದರು ಮೆಲ್ಲಗೆ. "ಮೂಳೆ ಪಾಠ ಮಾಡೋ ಮೇಷ್ಟ್ರು ನಾನು. ಸಂಘದ ಕೌನ್ಸಿಲ್ ಮೆಂಬರ್ ಕೂಡ. ಬೆಳಗ್ಗೆ ತಿಂದಿದ್ದು ಒಗ್ಗಲಿಲ್ಲ, ಇಲ್ಲೊಂದು ಮಂಚ ಕಾಣಿಸ್ತು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ನೋವಿನ ನಡುವೆಯೂ ನಗುತ್ತಿದ್ದರು. ಎಡಗಣ್ಣಿನ ಪಕ್ಕ ಒಂದೇ ಒಂದು ಸುಕ್ಕು, ನಕ್ಕಾಗ ಮಾತ್ರ ಬರುವಂಥದ್ದು.

ಆ ವರ್ಷವೇ ನಾನೂ ಕೌನ್ಸಿಲ್‌ಗೆ ಆಯ್ಕೆಯಾದೆ. ದೊಡ್ಡ ಪದವಿಯೇನಲ್ಲ. ಪ್ರತಿ ತಿಂಗಳು ಬೇರೆಬೇರೆ ದೇಶಗಳಿಂದ ಕಂಪ್ಯೂಟರ್ ಮುಂದೆ ಕೂತು ಪಠ್ಯಕ್ರಮ, ಪರೀಕ್ಷೆ, ಶಿಕ್ಷಕರ ತರಬೇತಿ ಅಂತ ವಾದ ಮಾಡಬೇಕು. ಎಲ್ಲರ ಮೈಕೂ ಮುಚ್ಚಿರುತ್ತಿತ್ತು. ನಾನು ಮಾತಾಡುವಾಗ ಬಾವಿಗೆ ಕೂಗಿದ ಹಾಗಾಗುತ್ತಿತ್ತು.

ನಮ್ಮಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಲೇಬೇಕಿತ್ತು. ಇಲ್ಲದಿದ್ದರೆ ರಾಜಕುಮಾರಿಯನ್ನು ಕಾಡಿನ ಮಧ್ಯ ಬಿಟ್ಟು ಅಜ್ಜಿ ಎದ್ದು ಹೋಗುತ್ತಿದ್ದಳು. ಈ ಕೌನ್ಸಿಲ್‌ನಲ್ಲಿ ಹೂಂಗುಟ್ಟುವವರು ಒಬ್ಬರೇ, ಮೂಳೆ ಮೇಷ್ಟ್ರು. ನನ್ನ ಸರದಿ ಬಂದಾಗ ಅವರ ಮೈಕು ತೆರೆದುಕೊಳ್ಳುತ್ತಿತ್ತು. "ಹೂಂ... ಹೂಂ."

ಪರದೆಯಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಆದರೂ ನಾನು ಕೂದಲು ಬಾಚಿಕೊಂಡೇ ಕೂರುತ್ತಿದ್ದೆ.

"ಪಠ್ಯಕ್ರಮಕ್ಕೆ ಕಾಡಿಗೆ ಬೇಕೇನೇ?" ಅಂತ ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಲೈಟಿಂಗ್ ಸರಿಯಿಲ್ಲ ಕಣೆ."

"ಮುಖ ಕೆಂಪಗಿರೋದೂ ಲೈಟಿಂಗಿಗೇನಾ?"

ಅವಳನ್ನು ಹೊರಗೆ ತಳ್ಳಿ ಬಾಗಿಲು ಹಾಕಬೇಕಾಗುತ್ತಿತ್ತು.

ನನ್ನದೊಂದು ಪ್ರಸ್ತಾವವಿತ್ತು: ವಿದ್ಯಾರ್ಥಿಗಳನ್ನು ಪರೀಕ್ಷಿಸುವಾಗ ರೋಗಿಯೂ ಅಂಕ ಕೊಡಬೇಕು. ಸೂಜಿ ಚುಚ್ಚಿಸಿಕೊಂಡವರಿಗಲ್ಲವೇ ಕೈ ಒರಟೋ ಮೃದುವೋ ಗೊತ್ತಾಗುವುದು? ಮೊದಲ ಸಲ ತಂದಾಗ ಒಂದೇ ಒಂದು ಓಟು ಸಾಲದೆ ಬಿದ್ದುಹೋಗಿತ್ತು. ಎರಡನೇ ಸಲ ಬಿದ್ದರೆ ಮತ್ತೆ ತರುವ ಹಾಗಿರಲಿಲ್ಲ. ಆಗ ಕಾಯಿಲೆಬಿದ್ದು ಬಾರದಿದ್ದ ಮೂಳೆ ಮೇಷ್ಟ್ರು ಈಗ ಬಂದಿದ್ದರು. ಅವರ ಓಟು ಸೆರಗಿನಲ್ಲಿ ಕಟ್ಟಿಕೊಂಡಷ್ಟು ಧೈರ್ಯ ನನಗೆ.

ವಾರ್ಷಿಕ ಸಭೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಸೇರಿದ್ದೆವು. ಉದ್ದನೆ ಮೇಜು, ನೀರಿನ ಜಗ್ಗು, ಗಾಜಿನ ಬಾಗಿಲು. ನನ್ನ ಪ್ರಸ್ತಾವದ ಸರದಿ ಬಂದಾಗ ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ವಾಡಿಕೆಯ ಪ್ರಶ್ನೆ ಕೇಳಿದರು. "ಈ ವಿಷಯದಲ್ಲಿ ಯಾರಿಗಾದ್ರೂ ಸ್ವಂತ ಹಿತಾಸಕ್ತಿ ಇದೆಯಾ? ಇದ್ರೆ ಹೇಳಿ ಹೊರಗೆ ಹೋಗ್ಬೇಕು, ಓಟು ಹಾಕೋ ಹಾಗಿಲ್ಲ."

ಯಾರೂ ಯಾವತ್ತೂ ಬಾಯಿಬಿಡದ ಪ್ರಶ್ನೆ ಅದು. ಮೂಳೆ ಮೇಷ್ಟ್ರು ಕೈ ಎತ್ತಿದರು.

"ನನಗಿದೆ."

"ಈ ಪ್ರಸ್ತಾವದಿಂದ ನಿಮಗೇನು ಲಾಭ?"

"ಪ್ರಸ್ತಾವದಲ್ಲಲ್ಲ ಮೇಡಂ. ಮಂಡಿಸೋರಲ್ಲಿ." ಕಿವಿಯ ತುದಿ ಕೆಂಪಾಗಿತ್ತು. "ಅವರು ಏನು ಹೇಳಿದ್ರೂ ನನಗೆ ಸರಿ ಅನ್ನಿಸುತ್ತೆ. ಅಂಥೋನು ಓಟು ಹಾಕಬಾರದು."

"ಬಂಧುತ್ವ ಏನಾದ್ರೂ?"

"ಇನ್ನೂ ಆಗಿಲ್ಲ."

ಯಾರೋ ಕೆಮ್ಮಿದರು. ಅವರು ನನ್ನ ಕಡೆ ನೋಡದೆ ಎದ್ದು ಹೋಗಿ, ಗಾಜಿನ ಬಾಗಿಲಾಚೆಯ ಕುರ್ಚಿಯಲ್ಲಿ ಬೆನ್ನು ಮಾಡಿ ಕೂತರು.

ಎದೆಯಲ್ಲಿ ಡೋಲು ಬಡಿಯುತ್ತಿತ್ತು. ಅದರ ಜೊತೆಗೇ ಸಿಟ್ಟು. ಮಹರಾಯ, ಓಟು ಹಾಕಿ ಆಮೇಲೆ ಹೇಳಿದ್ದರೆ ಆಗುತ್ತಿರಲಿಲ್ಲವೇ? ಹಾಗೆ ಮಾಡುವವರಾಗಿದ್ದರೆ ನಾನು ಕಾಡಿಗೆ ಹಚ್ಚಿಕೊಳ್ಳುತ್ತಿರಲಿಲ್ಲ ಅಂತಲೂ ಆಗಲೇ ಹೊಳೆಯಿತು.

ಎದುರಿಗೆ ಹಿರಿಯ ಸರ್ಜನ್ ಕೂತಿದ್ದರು. ಹಿಂದಿನ ಸಲ ವಿರೋಧಿಸಿದ್ದವರಲ್ಲಿ ಮುಂದಾಳು.

"ರೋಗಿಗೇನಮ್ಮ ಗೊತ್ತು ವೈದ್ಯಕೀಯ?" ಅಂದರು.

ಬರೆದು ತಂದಿದ್ದ ಭಾಷಣ ಬದಿಗಿಟ್ಟೆ. "ಸರ್, ನೀವು ಕೊನೇ ಸಲ ರೋಗಿಯಾಗಿದ್ದು ಯಾವಾಗ?"

"ಮೊನ್ನೆ ಮೊನ್ನೆ. ಮಂಡಿ ಆಪರೇಷನ್ನು."

"ಬ್ಯಾಂಡೇಜ್ ಬಿಚ್ಚಿದ ಹುಡುಗಿಗೆ ನೀವೆಷ್ಟು ಅಂಕ ಕೊಡ್ತಿದ್ರಿ?"

"ಹೆಸರೂ ಹೇಳ್ಲಿಲ್ಲ ಅವಳು. ಸರಕ್ಕಂತ ಎಳೆದ್ಲು." ಮಂಡಿ ನೇವರಿಸಿಕೊಂಡರು. "ಸೊನ್ನೆ!"

ಕೋಣೆಯಿಡೀ ನಕ್ಕಿತು. ಓಟಿಗೆ ಹಾಕಿದಾಗ ಅವರ ಕೈಯೇ ಎಲ್ಲರಿಗಿಂತ ಮೊದಲು ಮೇಲೆದ್ದಿತು. ಪ್ರಸ್ತಾವ ಗೆದ್ದಿತು.

"ಹೊರಗಿರೋರನ್ನ ಕರೀರಿ," ಅಂದರು ಅಧ್ಯಕ್ಷೆ. "ಮುಂದಿನ ಪ್ರಸ್ತಾವ ಅವರದ್ದೇ."

ನಾನೇ ಎದ್ದೆ. ಬಾಗಿಲು ತೆರೆದಾಗ ಅವರು ತಟ್ಟನೆ ನಿಂತರು. ಪರದೆಯ ಚೌಕಟ್ಟಿಲ್ಲದೆ, ಇಷ್ಟು ಹತ್ತಿರದಿಂದ, ಆ ಕಣ್ಣುಗಳು ಯಾರನ್ನು ನೋಡುತ್ತಿವೆ ಅಂತ ಈಗ ಅನುಮಾನವೇ ಇರಲಿಲ್ಲ.

"ಸೋತ್ವಾ?" ಅಂದರು ಹೆದರಿ.

"ಗೆದ್ವಿ. ನಿಮ್ಮ ಹಂಗಿಲ್ದೆ."

ಉಸಿರು ಬಿಟ್ಟರು. "ಕೋಪಾನಾ?"

"ತುಂಬಾ. ಅಷ್ಟು ಜನರ ಮುಂದೆ ಹೇಳೋದಾ?"

"ನೀವೊಬ್ಬರೇ ಇದ್ದಾಗ ಹೇಳೋಕೆ ಧೈರ್ಯ ಬರ್ಲಿಲ್ಲ." ತಲೆ ತಗ್ಗಿಸಿದರು. "ಒಳಗೆ ಬನ್ನಿ. ನನ್ನ ಪ್ರಸ್ತಾವಕ್ಕೆ ನಿಮ್ಮ ಓಟು ಬೇಕು."

"ಸಿಗಲ್ಲ."

ಅವರ ಮುಖ ಬಾಡಿತು. ಬಾಡಲಿ, ಒಂದು ಕ್ಷಣ. ನಾನು ಅವರನ್ನು ದಾಟಿ ಹೋಗಿ, ಅವರು ಕೂತು ಬೆಚ್ಚಗಾಗಿದ್ದ ಆ ಕುರ್ಚಿಯಲ್ಲಿ ಕೂತೆ.

"ಅಧ್ಯಕ್ಷರಿಗೆ ಹೇಳಿ," ಅಂದೆ. "ಈ ಸಲ ನಾನು ಹೊರಗಿರ್ತೀನಿ."