ಅತ್ತೆಯ ಕೈ, ಹಲಸಿನ ಎಲೆ

2024ರ ಆಗಸ್ಟ್ 26, ಸೋಮವಾರ, ಬೆಳಗಿನ 5 ಗಂಟೆ 40 ನಿಮಿಷ. ಡೊಂಬಿವಲಿಯ ಮೂರನೇ ಮಹಡಿಯ ಅಡುಗೆಮನೆಯಲ್ಲಿ ಕುಶಲಮ್ಮ ಸೊಸೆಯ ಮೊಬೈಲನ್ನು ಎಳೆದುಕೊಂಡು ಕಟ್ಟೆಯ ಮೇಲೆ ಕವುಚಿ ಹಾಕಿದರು.

"ಮೊದಲು ಆ ವೀಡಿಯೊ ಅಳಿಸು! ಆಮೇಲೆ ಅಷ್ಟಮಿಯ ಕಡುಬು."

ಹದಿನೆಂಟು ದಿನಗಳ ಹಿಂದೆ ಸೊಸೆ ಜಯಲತಾ ಕಡುಬಿನ ಹಿಟ್ಟು ಹೊಯ್ಯುವ ಕೊಟ್ಟೆಯನ್ನು ಹಲಸಿನ ನಾಲ್ಕು ಎಲೆಗಳಿಂದ ಕಟ್ಟುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತನ್ನ ಅಡುಗೆ ಚಾನೆಲ್ಲಿಗೆ ಹಾಕಿದ್ದಳು. ತನ್ನ ಕೈ ಮಾತ್ರ ಕಾಣಬೇಕೆಂದಿದ್ದಳು. ಆದರೆ ಎಲೆ ತಪ್ಪಾಗಿ ಕೂತದ್ದನ್ನು ಕಂಡು ಅತ್ತೆ ತಡೆಯಲಾರದೆ ಕೈ ಚಾಚಿದ್ದರು. ಎರಡು ವರ್ಷಗಳಿಂದ ಅರ್ಧ ಲೋಟ ಚಹಾ ಕುಡಿದು, ಮದುವೆ ಮುಂಜಿಗಳನ್ನು ತಪ್ಪಿಸಿ ಬಚ್ಚಿಟ್ಟಿದ್ದ ಕೈಯ ನಡುಕವನ್ನು ಒಂದು ಲಕ್ಷ ಜನ ನೋಡಿದ್ದರು... ನಿನ್ನೆ ಸಂಜೆ ಐರೋಲಿಯಿಂದ ನಾದಿನಿ ಅಪರ್ಣಾ ಅದನ್ನು ನೋಡಿ, ತಾಯಿಗೆ ಫೋನ್ ಮಾಡಿ ಅತ್ತೇಬಿಟ್ಟಿದ್ದಳು.

"ಚಾನೆಲ್ಲೇ ಬಂದ್ ಮಾಡು ಮಾರಾಯ್ತಿ, ಮನೆಯಲ್ಲಿ ಶಾಂತಿ ಇರ್ಲಿ," ಎಂದು ಗಂಡ ರಂಜನ್ ನಸುಕಿನ ಪಾಳಿಗೆ ಶೂ ಕಟ್ಟುತ್ತಲೇ ಹೇಳಿ ಹೋಗಿದ್ದ.

ಜಯಲತಾಳಿಗೆ ಥಾಣೆ ನಗರದ ಆಫೀಸು, ಲೋಕಲ್ ರೈಲಿನ ನೂಕುನುಗ್ಗಲು, ಮತ್ತೆ ಇದೇ ಒಲೆ. ದಿನದಲ್ಲಿ ಅವಳದೆಂದು ಇದ್ದದ್ದು ವೀಡಿಯೊ ಮಾಡುವ ಈ ಬೆಳಗಿನ ಇಪ್ಪತ್ತು ನಿಮಿಷ. ಜಗಳಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

"ಅಳಿಸ್ತೇನೆ ಮಾಮಿ. ಇದೊಂದು ನೋಡಿ, ಸಾಕು."

ಪರದೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಗಿಡ್ಡ ಸ್ಟೀಲ್ ಲೋಟದೊಳಗೆ ಎಲೆಗಳನ್ನು ನಿಲ್ಲಿಸಿ, ಲೋಟದ ಅಂಚಿನ ಮೇಲೆ ಎದ್ದ ಭಾಗಕ್ಕೆ ಒಂದೇ ಕೈಯಲ್ಲಿ ಕಡ್ಡಿ ಚುಚ್ಚುತ್ತಿದ್ದಳು. "ಲಕ್ವಾ ಹೊಡದು ಬಲಗೈ ಮಾತ ಕೇಳಂಗಿಲ್ರೀ. ಅಜ್ಜಿ ಕೈ ನೋಡಿ ನಾನೂ ಮಾಡೇನಂತ ಧೈರ್ಯ ಬಂತು. ಈ ಲೋಟದ ಉಪಾಯ ನಂದ ಐತಿ!"

"ಯಾರಿದು?"

"ದಾನಮ್ಮ ಅಂತ, ಇಲ್ಲೇ ಪಕ್ಕದ ಕಲ್ಯಾಣದವರು. ನಮ್ಮ ವೀಡಿಯೊ ನೋಡಿ ಕಳಿಸಿದ್ದು. ಕೊಟ್ಟೆ ಅಂದ್ರೆ ಎಂತ ಅಂತ್ಲೇ ಗೊತ್ತಿರ್ಲಿಲ್ಲ ಅವರಿಗೆ."

ಕುಶಲಮ್ಮ ಎರಡನೇ ಸಲ ನೋಡಿದರು. ಮೂರನೇ ಸಲವೂ. ಕೊನೆಗೆ, "ಕಡ್ಡಿ ಒಂದೇ ಸಲ ಚುಚ್ಚಿದ್ದಾಳೆ. ಹಿಟ್ಟೆಲ್ಲ ಸೋರಿ ಹೋಗ್ತದೆ," ಎಂದರು.

ಜಯಲತಾ ಕೊಟ್ಟ ಮಾತಿನಂತೆ ತನ್ನ ವೀಡಿಯೊವನ್ನು ಅಳಿಸಿದಳು. ಲಕ್ಷ ನೋಟ, ಸಾವಿರಾರು ಮಾತು... ಒಂದು ಬೆರಳೊತ್ತಿಗೆ ಎಲ್ಲ ಹೋಯಿತು. ಕಣ್ಣೀರು ಬಂತು; ಒರೆಸಿಕೊಳ್ಳದೆ ಹಿಟ್ಟಿಗೆ ಉಪ್ಪು ಹಾಕಿದಳು.

"ಅಳಿಸಿದೆಯಾ?"

"ಹೂಂ."

"ನನ್ನನ್ನು ಕೇಳದೆ ಹಾಕಿದ್ದು ತಪ್ಪು, ಗೊತ್ತುಂಟಲ್ಲ?"

"ಗೊತ್ತುಂಟು ಮಾಮಿ... ಕ್ಷಮಿಸಿ."

ಅತ್ತೆ ಕಪಾಟಿನಿಂದ ಗಿಡ್ಡ ಲೋಟವೊಂದನ್ನು ತೆಗೆದರು. ಕಟ್ಟೆಯ ಮೇಲಿಡುವಾಗ ಅದು ಗಡಗಡ ಸದ್ದು ಮಾಡಿತು. "ಈಗ ಕೇಳು."

"ಎಂತ ಕೇಳುವುದು?"

"ವೀಡಿಯೊ ಹಿಡಿಯಲಾ ಅಂತ ಕೇಳು, ಪೆದ್ದಿ! ಆ ದಾನಮ್ಮನಿಗೆ ಕಡ್ಡಿ ಒಳಗೆ ಹೊರಗೆ ಎರಡು ಸಲ ಹೋಗ್ಬೇಕು ಅಂತ ಯಾರು ಹೇಳ್ಲಿಕ್ಕೆ? ನೀನಾ? ನಿಂದೇ ಸೋರ್ತದೆ!"

"ಹಿಡಿಯಲಾ, ಮಾಮಿ?"

"ಹಿಡಿ. ನಡುಗಿದ್ರೆ ನಡುಗ್ಲಿ."

ಅತ್ತೆಯ ಕೈಯಿಂದ ಕಡ್ಡಿ ಐದು ಸಲ ಜಾರಿತು. ಎಲೆಯೊಂದು ಸೀಳಿತು, ಬೇರೆ ತೆಗೆದುಕೊಂಡರು. ಜಯಲತಾಳ ರೈಲು ಅಂದು ತಪ್ಪಿತು. ವೀಡಿಯೊವನ್ನು ಅವಳು ಎಲ್ಲಿಯೂ ಕತ್ತರಿಸದೆ ಹಾಗೆಯೇ ಹಾಕಿದಳು. ಒಂದು ಕೊಟ್ಟೆ, ಹನ್ನೊಂದು ನಿಮಿಷ ನಲವತ್ತು ಸೆಕೆಂಡು.