ಎಣ್ಣೆ ಹಚ್ಚಿ ಹೋದ ಕಳ್ಳ

ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ರೈಲು ಮ್ಯೂಸಿಯಂನ ಮ್ಯಾನೇಜರ್ ಠಾಣೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ, "ದೊಡ್ಡಮ್ಮನ ಕೀಲು ಕಳುವಾಗಿದೆ" ಎಂದರು.

ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಆಕೆ ಬಗೆಬಗೆಯ ದೂರು ಬರೆದುಕೊಂಡಿದ್ದರು, ಇಂಥದ್ದು ಇದೇ ಮೊದಲು.

"ದೊಡ್ಡಮ್ಮನಿಗೆ ವಯಸ್ಸೆಷ್ಟು?"

"ನೂರಹನ್ನೆರಡು."

ಇನ್‌ಸ್ಪೆಕ್ಟರ್ ಒಳಕೋಣೆಯಿಂದ ಎದ್ದು ಬಂದು ವಿಷಯ ಬಿಡಿಸಿಕೊಂಡರು. ದೊಡ್ಡಮ್ಮ ಎಂದರೆ ಮ್ಯೂಸಿಯಂನ ಉಗಿ ಎಂಜಿನ್ನು. ನಾಲ್ಕು ವರ್ಷ ರಿಪೇರಿಯಲ್ಲಿದ್ದು ಈ ಭಾನುವಾರ ಹತ್ತು ಗಂಟೆಗೆ ನೂರೆಂಬತ್ತು ಜನರನ್ನು ಹೊತ್ತು ಹನ್ನೊಂದು ಕಿಲೋಮೀಟರ್ ಓಡಬೇಕಿತ್ತು. ಹೋಗಿರುವುದು ಚಕ್ರ ತಿರುಗಿಸುವ ಸರಳಿನ ತುದಿಯಲ್ಲಿ ಕೂರುವ ಕಂಚಿನ ಬೇರಿಂಗು. ಎರಡು ಹೋಳು, ಒಂದೊಂದೂ ಹದಿನಾಲ್ಕು ಕಿಲೋ. ಹೊಸದಾಗಿ ಎರಕ ಹೊಯ್ಸಿದರೆ ಆರು ವಾರ ಬೇಕು. ಹತ್ತು ಗಂಟೆ ಐದು ನಿಮಿಷಕ್ಕೆ FIR ದಾಖಲಾಯಿತು. ಕಂಚು ಎಂದ ಕೂಡಲೇ ಗುಜರಿಯವರ ಕೆಲಸವೆಂದು ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ ತೀರ್ಮಾನಿಸಿ, ಒಬ್ಬ ಕಾನ್‌ಸ್ಟೇಬಲ್‌ನನ್ನು ಗುಜರಿ ಅಂಗಡಿಗಳಿಗೆ ಓಡಿಸಿದರು.

ಇನ್‌ಸ್ಪೆಕ್ಟರ್ ಸುಲಭಕ್ಕೆ ಬೆರಗಾಗುವ ಆಸಾಮಿಯಲ್ಲ. ಮದುವೆಯ ದಿನ ಕೂಡ ಅವರ ಮುಖ ಪಂಚನಾಮೆ ಬರೆಯುವವರ ಮುಖದಂತೆಯೇ ಇತ್ತೆಂದು ಅವರ ಹೆಂಡತಿಯೇ ಹೇಳುತ್ತಿದ್ದರು. ಆದರೆ ಶೆಡ್ಡಿನ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ಮೇಲಿನ ಗಾಜಿನಿಂದ ಬಿಸಿಲು ಇಳಿದು ದೊಡ್ಡಮ್ಮನ ಬೆನ್ನಿನ ಮೇಲೆ ಬಿದ್ದಿತ್ತು. ಚಕ್ರವೇ ಅವರ ಭುಜದೆತ್ತರ. ಅದರ ಮೇಲೆ ಕಪ್ಪು ಹೊಟ್ಟೆ, ಹೊಟ್ಟೆಯ ಸುತ್ತ ಹಿತ್ತಾಳೆಯ ಪಟ್ಟಿಗಳು, ಒಂದೊಂದು ತಿರುಪೂ ಹೊಳೆಯುವಂತೆ ಉಜ್ಜಲಾಗಿತ್ತು. ಇಷ್ಟು ದೊಡ್ಡದನ್ನು ಮನುಷ್ಯರು ಕೈಯಿಂದ ಮಾಡಿದರೇ ಎನ್ನಿಸಿ, ತಾವು ಬಂದ ಕೆಲಸವೇನೆಂಬುದು ಅವರಿಗೆ ಒಂದು ಗಳಿಗೆ ಮರೆತುಹೋಯಿತು.

"ಸರ್, ಪಂಚರು ಕಾಯ್ತಿದ್ದಾರೆ" ಎಂದರು ಹೆಡ್ ಕಾನ್‌ಸ್ಟೇಬಲ್.

ಹತ್ತೂ ಐವತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಎಂಜಿನ್ ಡ್ರೈವರ್ ಪಕ್ಕದಲ್ಲಿ ನಿಂತು ಒಂದೊಂದನ್ನೂ ತೋರಿಸಿದ. ಸರಳನ್ನು ಬಿಚ್ಚಿ ಮರದ ದಿಮ್ಮಿಯ ಮೇಲೆ ಮಲಗಿಸಲಾಗಿತ್ತು. ಬಿಚ್ಚಿದ ಬೋಲ್ಟುಗಳು ತಟ್ಟೆಯಲ್ಲಿ ಸಾಲಾಗಿದ್ದವು. ಚಕ್ರಗಳ ಹಿಂದೆ ಮುಂದೆ ಮರದ ಬೆಣೆ ಇಟ್ಟಿತ್ತು. ಬೇರಿಂಗು ಹೋಗಿ ಬರಿದಾದ ಉಕ್ಕಿನ ಗೂಟಕ್ಕೆ ದಪ್ಪ ಗ್ರೀಸು ಹಚ್ಚಿ, ಮೇಲೆ ಎಣ್ಣೆಬಟ್ಟೆ ಸುತ್ತಿ, ದಾರದಿಂದ ಬಿಗಿದು ಕಟ್ಟಿತ್ತು.

"ಈ ಬಟ್ಟೆ ನೀವು ಸುತ್ತಿದ್ದಾ?"

"ಇಲ್ಲ. ಬೆಳಿಗ್ಗೆ ಬಂದಾಗಲೇ ಹೀಗಿತ್ತು."

"ಯಾಕೆ ಸುತ್ತೋದು?"

"ತುಕ್ಕು ಹಿಡೀಬಾರದು ಅಂತ. ಆ ಗೂಟದ ಮೇಲೆ ಉಗುರಿನಷ್ಟು ತುಕ್ಕು ಕೂತ್ರೂ ಕೆಲಸ ಕೆಟ್ಟಿತು."

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದರು. ಆಕೆ ಬರೆಯುತ್ತಲೇ, "ನಮ್ಮ ಕಡೆ ಕಳ್ಳರು ಬಾಗಿಲು ಕೂಡ ಹಾಕ್ಕೊಂಡು ಹೋಗಲ್ಲ ಸರ್. ಇವನು ಎಣ್ಣೆ ಹಚ್ಚಿ ಹೋಗಿದ್ದಾನೆ" ಎಂದರು. ಇನ್‌ಸ್ಪೆಕ್ಟರ್ ಫೋನು ತೆಗೆದು ಗುಜರಿ ಅಂಗಡಿಯ ಕಾನ್‌ಸ್ಟೇಬಲ್‌ನನ್ನು ವಾಪಸು ಕರೆಸಿದರು. ಕದ್ದವನು ಈ ಶೆಡ್ಡಿನವನೇ, ಕದಿಯುವಾಗಲೂ ಎಂಜಿನ್ನಿಗೆ ನೋವಾಗದಂತೆ ನೋಡಿಕೊಂಡವನು.

ಗೇಟಿನ ಕ್ಯಾಮೆರಾ ನೋಡಿದ್ದಾಯಿತು. ಗುರುವಾರ ಸಂಜೆ ಐದೂವರೆಗೆ ಸಂದರ್ಶಕರು ಹೋದ ಮೇಲೆ, ಆರೂವರೆಗೆ ಬೀಗ ಬೀಳುವವರೆಗೆ, ಯಾರೂ ಭಾರದ ಚೀಲ ಹೊತ್ತು ಹೊರಬಂದಿರಲಿಲ್ಲ. "ಇಪ್ಪತ್ತೆಂಟು ಕಿಲೋ ಊಟದ ಡಬ್ಬೀಲಿ ಹೋಗಲ್ಲ" ಎಂದರು ಹೆಡ್ ಕಾನ್‌ಸ್ಟೇಬಲ್. ಹಾಗಾದರೆ ಮಾಲು ಒಳಗೇ ಇದೆ. ಆ ಒಂದು ಗಂಟೆ ಶೆಡ್ಡಿನಲ್ಲಿ ಇದ್ದವರು ಮೂವರು: ಡ್ರೈವರ್, ಫಿಟ್ಟರ್ ಹುಡುಗಿ, ಬಾಯ್ಲರ್ ಪರೀಕ್ಷಕರು. ಈ ಪರೀಕ್ಷಕರು ಫಿಟ್ಟರ್ ಹುಡುಗಿಯ ಗಂಡನ ತಂದೆ. ಅವಳು ಮಾವ ಎನ್ನುತ್ತಿದ್ದುದರಿಂದ ಇಡೀ ಶೆಡ್ಡೇ ಅವರನ್ನು ಮಾವ ಎನ್ನುತ್ತಿತ್ತು, ಅವರಿಗಿಂತ ಹಿರಿಯನಾದ ತೋಟದ ಮಾಲಿ ಕೂಡ.

ಒಂದೂವರೆಗೆ ವಿಚಾರಣೆ ಶುರು. ಡ್ರೈವರ್ ಐದೂ ನಲವತ್ತಕ್ಕೇ ಮನೆಗೆ ಹೋದೆನೆಂದ. ಕ್ಯಾಮೆರಾ ಅದನ್ನೇ ಹೇಳಿತು. ಸೊಸೆ ಪಕ್ಕದ ಕೋಣೆಯಲ್ಲಿ ಲೇತ್ ಯಂತ್ರದ ಮುಂದಿದ್ದೆನೆಂದಳು.

"ಸರಳು ಬಿಚ್ಚಿದ ಸದ್ದು ಕೇಳಲಿಲ್ವಾ?"

"ಲೇತ್ ಓಡ್ತಿದ್ರೆ ಆನೆ ಬಂದ್ರೂ ಗೊತ್ತಾಗಲ್ಲ ಸರ್."

"ಬಿಚ್ಚೋಕೆ ಒಬ್ಬರಿಂದ ಆಗುತ್ತಾ?"

"ಗೊತ್ತಿದ್ದವರಿಗೆ ಆಗುತ್ತೆ. ಸರಪಳಿ ರಾಟೆ ಇದೆಯಲ್ಲ. ನಲವತ್ತು ನಿಮಿಷ ಸಾಕು."

ಮಾವ ಕೊನೆಗೆ ಬಂದರು. ಎತ್ತರದ, ಬಿಳಿ ಹುಬ್ಬಿನ ಮನುಷ್ಯ. ಇನ್‌ಸ್ಪೆಕ್ಟರ್ ಮುಖವನ್ನೇ ದಿಟ್ಟಿಸಿ ನೋಡುತ್ತಾ ಒಂದೊಂದೇ ಮಾತಿನ ಉತ್ತರ ಕೊಟ್ಟರು. ಶೆಡ್ಡಿನಲ್ಲಿದ್ದೆ. ಏನೂ ನೋಡಲಿಲ್ಲ. ಗೊತ್ತಿಲ್ಲ. ನಡುವೆ ಅವರ ಬೆನ್ನ ಹಿಂದೆ ಹೆಡ್ ಕಾನ್‌ಸ್ಟೇಬಲ್ ಕೈಜಾರಿ ಮೊಳದುದ್ದದ ಸ್ಪ್ಯಾನರನ್ನು ಕಬ್ಬಿಣದ ನೆಲದ ಮೇಲೆ ಬೀಳಿಸಿದರು. ಜಂತಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಇನ್‌ಸ್ಪೆಕ್ಟರ್ ಎದೆ ಹಿಡಿದುಕೊಂಡರು. ಮಾವ ಮಾತ್ರ ಮುಂದಿನ ಪ್ರಶ್ನೆಗೆ ಕಾಯುತ್ತಾ ಕೂತೇ ಇದ್ದರು. ಗಟ್ಟಿ ಗುಂಡಿಗೆಯವರು ಎಂದುಕೊಂಡು ಇನ್‌ಸ್ಪೆಕ್ಟರ್ ಡೈರಿಯಲ್ಲಿ ಹಾಗೇ ಬರೆದುಕೊಂಡರು.

ಆಮೇಲೆ ಹುಡುಕಾಟ. ಶೆಡ್ಡಿನ ಆಚೆ ತುದಿಯಲ್ಲಿ ಇನ್ನೆಂದೂ ಓಡದ ಹನ್ನೊಂದು ಎಂಜಿನ್ನುಗಳು ನಿಂತಿದ್ದವು. ಹೆಡ್ ಕಾನ್‌ಸ್ಟೇಬಲ್ ಟಾರ್ಚು ಹಿಡಿದು ಒಂದೊಂದರ ಮುಂಬಾಗಿಲನ್ನೂ ತಡವಿದರು. ಎಲ್ಲ ಬಾಗಿಲಿನ ಕೀಲಿಗೂ ಧೂಳು, ಒಂಬತ್ತನೆಯದಕ್ಕೆ ಮಾತ್ರ ಹೊಸ ಎಣ್ಣೆ. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ, ಹೊಗೆಯ ಗೂಡಿನೊಳಗೆ, ಎರಡು ಹೋಳುಗಳೂ ಸಿಕ್ಕವು. ಒಂದಕ್ಕೊಂದು ತಾಗದಂತೆ ನಡುವೆ ಉಣ್ಣೆಬಟ್ಟೆ ಮಡಿಸಿಟ್ಟಿತ್ತು.

ಜಪ್ತಿಯಾದ ಮಾಲು ಠಾಣೆಯ ಉಗ್ರಾಣ ಸೇರಿದರೆ ಮೊಮ್ಮಕ್ಕಳ ಕಾಲಕ್ಕೆ ಹೊರಬರುತ್ತದೆ. ಇನ್‌ಸ್ಪೆಕ್ಟರಿಗೆ ಅದು ಗೊತ್ತಿದ್ದುದರಿಂದಲೇ ಸಂಜೆ ಐದೂವರೆಗೆ ತಾವೇ ನ್ಯಾಯಾಧೀಶರ ಎದುರು ನಿಂತು ಬಿಡುಗಡೆಯ ಆದೇಶ ತಂದರು. ಕಳ್ಳ ಸಿಗಲಿ ಬಿಡಲಿ, ಭಾನುವಾರ ದೊಡ್ಡಮ್ಮ ಓಡಬೇಕು. ನಿಜ ಹೇಳಬೇಕೆಂದರೆ ಅದು ಓಡುವುದನ್ನು ಸ್ವತಃ ಅವರಿಗೇ ನೋಡಬೇಕಿತ್ತು.

ಶನಿವಾರ ಹನ್ನೊಂದಕ್ಕೆಲ್ಲ ಸೊಸೆ ಬೇರಿಂಗನ್ನು ಮತ್ತೆ ಕೂರಿಸಿ ಮುಗಿಸಿದಳು. ಅಷ್ಟು ದೊಡ್ಡ ಬಾಯ್ಲರ್ ನಿಧಾನವಾಗಿ ಬೆಚ್ಚಗಾಗಬೇಕು, ಹಿಂದಿನ ದಿನವೇ ಬೆಂಕಿ ಹಾಕಬೇಕು. ಹನ್ನೆರಡಕ್ಕೆ ಬೆಂಕಿ ಎಂದು ಗೊತ್ತಾಗಿತ್ತು. ಇನ್‌ಸ್ಪೆಕ್ಟರ್ ರಸೀದಿಗೆ ಸಹಿ ಹಾಕಿಸಿಕೊಳ್ಳಲು ಹನ್ನೊಂದೂ ನಲವತ್ತಕ್ಕೆ ಕಚೇರಿಗೆ ಬಂದರು. ಮ್ಯಾನೇಜರ್ ಸೀಲು ಹುಡುಕುತ್ತಿದ್ದಾಗ ಗೋಡೆಯಲ್ಲಿ ಚೌಕಟ್ಟು ಹಾಕಿದ ಪ್ರಮಾಣಪತ್ರ ಕಣ್ಣಿಗೆ ಬಿತ್ತು. ಇಪ್ಪತ್ತು ದಿನದ ಹಿಂದಿನ ತಾರೀಕು, ಕೆಳಗೆ ಮಾವನ ಸಹಿ. 'ಬೆಂಕಿಕೋಣೆಯ ನಾನೂರಹನ್ನೆರಡು ಮೊಳೆಗಳನ್ನೂ ಸುತ್ತಿಗೆಯಿಂದ ಪರೀಕ್ಷಿಸಲಾಗಿದೆ. ಎಲ್ಲವೂ ಸುಸ್ಥಿತಿಯಲ್ಲಿವೆ.'

ಸೊಸೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು.

"ಇದೇನು ಮೊಳೆ?"

"ಬೆಂಕಿಯ ಕೋಣೆಗೆ ಎರಡು ಗೋಡೆ ಸರ್, ಮಧ್ಯದಲ್ಲಿ ಕುದಿಯೋ ನೀರು. ಎರಡನ್ನೂ ಹಿಡ್ಕೊಂಡಿರೋದು ಈ ಮೊಳೆಗಳು."

"ಸುತ್ತಿಗೆಯಿಂದ ಹೇಗೆ ಗೊತ್ತಾಗುತ್ತೆ?"

"ತಟ್ಟಿ ಕೇಳಬೇಕು. ಗಟ್ಟಿ ಮೊಳೆ ಗಂಟೆ ಥರ ನುಡಿಯುತ್ತೆ. ಒಳಗೆ ಮುರಿದಿದ್ರೆ ಸತ್ತ ಸದ್ದು. ನಮ್ಮ ಮಾವನ ಕಿವಿ ಅಂದ್ರೆ..."

ಇನ್‌ಸ್ಪೆಕ್ಟರ್ ಪೂರ್ತಿ ಕೇಳಲಿಲ್ಲ. ಪಾರಿವಾಳಗಳು ಹಾರಿದ್ದು, ಬಿಳಿ ಹುಬ್ಬಿನ ಆ ಮುಖ ಮಿಸುಕದೆ ಇದ್ದದ್ದು ನೆನಪಾಯಿತು. ತಾವೇ ಓಡಾಡಿ ಆದೇಶ ತಂದದ್ದೂ ನೆನಪಾಯಿತು. ಅವರು ಶೆಡ್ಡಿಗೆ ಓಡಿದರು.

ಎಂಜಿನ್ನಿನ ಮೇಲೆ ಡ್ರೈವರ್ ಉರಿಯುವ ಪಂಜು ಹಿಡಿದು ನಿಂತಿದ್ದ. ಬೆಂಕಿಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಮಾವ ನಿಂತಿದ್ದರು.

"ಸರಿಯಿರಿ ಮಾವ, ಏನಾಯ್ತು ನಿಮಗೆ?" ಎನ್ನುತ್ತಿದ್ದ ಡ್ರೈವರ್.

"ಬೆಂಕಿ ಬೇಡ" ಎಂದರು ಮಾವ. "ಬೇಡ ಅಂದೆ."

ಇನ್‌ಸ್ಪೆಕ್ಟರ್ ಮೇಲೆ ಹತ್ತಿ ಅವರಿಗೆ ಮುಖಾಮುಖಿಯಾಗಿ ನಿಂತರು. ನಿಧಾನವಾಗಿ ಕೇಳಿದರು.

"ಯಾವಾಗಿಂದ ಕಿವಿ ಕೇಳಿಸ್ತಿಲ್ಲ?"

ಮಾವ ಆ ತುಟಿಗಳನ್ನು ನೋಡಿದರು. ಆಮೇಲೆ ಇನ್‌ಸ್ಪೆಕ್ಟರ ಹೆಗಲಾಚೆ, ಕೆಳಗೆ ನಿಂತಿದ್ದ ಸೊಸೆಯನ್ನು ನೋಡಿದರು. ಚಾಚಿದ್ದ ಕೈಗಳು ಇಳಿದವು.

"ಒಂದೂವರೆ ವರ್ಷ."

"ಮೊಳೆ ತಟ್ಟಿದ್ರಲ್ಲ?"

"ತಟ್ಟಿದೆ. ನಾನೂರಹನ್ನೆರಡೂ ತಟ್ಟಿದೆ. ಗಟ್ಟಿಯಾಗಿದ್ದುದೂ ಸುಮ್ಮನಿತ್ತು, ಮುರಿದಿದ್ದುದೂ ಸುಮ್ಮನಿತ್ತು. ಯಾವುದು ಯಾವುದೋ ನನಗೇನು ಗೊತ್ತು."

"ಸಹಿ?"

"ಎಲ್ಲರೂ ಕಾಯ್ತಾ ನಿಂತಿದ್ರು. ಹಾಕಿದೆ. ಆಮೇಲೆ ಒಂದು ದಿನಾನೂ ಕಣ್ಣು ಮುಚ್ಚಿಲ್ಲ. ಬೇರಿಂಗ್ ಹೋದ್ರೆ ಆರು ವಾರ ನಿಲ್ಲುತ್ತೆ, ಅಷ್ಟರಲ್ಲಿ ಹೇಗಾದ್ರೂ ಹೇಳೋಣ ಅಂದ್ಕೊಂಡೆ."

ಡ್ರೈವರ್ ಪಂಜನ್ನು ನೀರಿನ ಬಕೆಟ್ಟಿಗೆ ಅದ್ದಿದ. ಅದು ಚುಂಯ್ ಎಂದು ಆರಿತು. ಸೊಸೆ ಗೋಡೆಯ ಗೂಡಿನಿಂದ ಚಿಕ್ಕ ಸುತ್ತಿಗೆ ತಂದಳು. ತಾನೇ ಒಳಗೆ ಇಳಿಯುತ್ತಾಳೆಂದು ಎಲ್ಲರೂ ಅಂದುಕೊಂಡರು. ಅವಳು ಅದನ್ನು ಮಾವನ ಕೈಗೆ ಇಟ್ಟಳು. ಅವರ ಮುಖದೆದುರು ಬಂದು, "ನಿಮ್ಮ ಪೆಟ್ಟಿನ ಹದ ನನ್ನ ಕೈಗಿಲ್ಲ. ನೀವು ತಟ್ಟಿ, ನಾನು ಕೇಳ್ತೀನಿ" ಎಂದಳು.

ದಸ್ತಗಿರಿಗೆ ಮುಂಚೆ ಆರೋಪಿಯ ಕೈಗೆ ಸುತ್ತಿಗೆ ಕೊಡಬಹುದೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಇನ್‌ಸ್ಪೆಕ್ಟರ್ ಪಂಚರನ್ನು ಕರೆಸಿ, 'ಬಾಯ್ಲರ್ ಪರೀಕ್ಷೆಯ ಪಂಚನಾಮೆ, ಸಮಯ 12.25' ಎಂದು ಬರೆಸಿದರು.

ಮಾವ, ಸೊಸೆ ಬೆಂಕಿಕೋಣೆಯೊಳಗೆ ತೆವಳಿ ಹೋದರು. ಇನ್‌ಸ್ಪೆಕ್ಟರ್ ಬಾಗಿಲಿಗೆ ತಲೆ ತೂರಿಸಿ ಟಾರ್ಚು ಹಿಡಿದರು. ಒಳಗೊಂದು ತಾಮ್ರದ ಕೋಣೆ. ಬೆಳಕು ಬಿದ್ದದ್ದೇ ಗೋಡೆಗಳು ಕೆಂಪಗೆ ಬೆಳಗಿದವು. ಮೇಲಿಂದ ಕೆಳಗೆ, ಅಂಚಿನಿಂದ ಅಂಚಿಗೆ, ಗೆರೆ ಎಳೆದಂತೆ ಮೊಳೆಯ ತಲೆಗಳು. ಮಾವ ಮೊದಲನೆಯದನ್ನು ತಟ್ಟಿದರು. ಸ್ವರ ಎದ್ದು ತಾಮ್ರದೊಳಗೆ ಓಡಾಡಿ ನಿಂತಿತು. ಸೊಸೆ ತಲೆಯಾಡಿಸಿದಳು. ಮುಂದಿನದು. ಪ್ರತಿ ಪೆಟ್ಟಿಗೂ ಅಷ್ಟೇ ಬಲ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಪ್ರತಿ ಪೆಟ್ಟಿನ ನಂತರ ಅವರು ಅವಳ ಮುಖ ನೋಡುತ್ತಿದ್ದರು. ನೂರು, ನೂರೈವತ್ತು, ಇನ್ನೂರು. ನೂರಹನ್ನೆರಡು ವರ್ಷದ ಹಿಂದೆ ಯಾರೋ ಬಡಿದು ಕೂರಿಸಿದ ಮೊಳೆಗಳು ಒಂದಾದ ಮೇಲೊಂದು ತಾನು ಗಟ್ಟಿ ಎಂದು ಉತ್ತರ ಕೊಡುತ್ತಿದ್ದವು. ಇನ್‌ಸ್ಪೆಕ್ಟರ್ ಒಮ್ಮೆ ತಲೆ ಹೊರಗೆ ತೆಗೆದರು. ಹೆಡ್ ಕಾನ್‌ಸ್ಟೇಬಲ್ ಕಡೆ ನೋಡಿದರೆ ಆಕೆ ಎಣಿಕೆ ಬರೆಯುವುದನ್ನು ಬಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಇನ್ನೂರ ಅರವತ್ತಮೂರನೆಯದು, ಎಡಗಡೆಯ ಮೇಲಿನ ಮೂಲೆ. ಹಸಿ ಮರಕ್ಕೆ ಬಡಿದಂಥ ಸದ್ದು. ಅಲ್ಲಿದ್ದ ಎಲ್ಲರಿಗೂ ಅದು ಕೇಳಿತು, ತಟ್ಟಿದವರೊಬ್ಬರನ್ನು ಬಿಟ್ಟು. ಸೊಸೆ ತಲೆಯಾಡಿಸಲಿಲ್ಲ. ಮಾವ ಮತ್ತೆ ತಟ್ಟಿದರು. ಅವಳು ಸೀಮೆಸುಣ್ಣ ತೆಗೆದು ಗುರುತು ಹಾಕಿದಳು. ಅದರ ಪಕ್ಕದ್ದಕ್ಕೂ. ಅದರ ಕೆಳಗಿನದಕ್ಕೂ.

ನಾನೂರಹನ್ನೆರಡೂ ಮುಗಿದಾಗ ಅದೊಂದೇ ಮೂಲೆಯಲ್ಲಿ ಏಳು ಗುರುತುಗಳಿದ್ದವು. ಡ್ರೈವರ್ ಬಗ್ಗಿ ನೋಡಿ, ಬಾಗಿಲ ಪಕ್ಕದಲ್ಲೇ ಕುಸಿದು ಕೂತ. "ಏಳೂ ಒಂದೇ ಕಡೆ. ಹಬೆ ಏರಿದ ಮೇಲೆ ಗೋಡೆ ಬಾಯಿ ಬಿಡ್ತಿತ್ತು ಸರ್. ಮೊದಲು ನಾನು, ಆಮೇಲೆ ಮುಂದಿನ ಬೋಗಿ" ಎಂದ. ಮುಂದಿನ ಬೋಗಿಯಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಜಾಗ ಕಾದಿರಿಸಿತ್ತು.

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಬೇಡಿ ಹಾಕಲಿಲ್ಲ. ಮ್ಯಾನೇಜರ್ ಭಾನುವಾರದ ಓಟ ರದ್ದಾಗಿದೆ ಎಂಬ ಫಲಕವನ್ನು ತಮ್ಮ ಕೈಯಾರೆ ಬರೆದು ಗೇಟಿಗೆ ಕಟ್ಟಿದರು, ದೂರು ಹಿಂದಕ್ಕೆ ಪಡೆಯಬಹುದೇ ಎಂದು ಎರಡು ಸಲ ಕೇಳಿದರು. ಅದನ್ನು ನ್ಯಾಯಾಲಯದಲ್ಲಿ ಕೇಳಿ ಎಂದರು ಇನ್‌ಸ್ಪೆಕ್ಟರ್. ಸುಳ್ಳು ಪ್ರಮಾಣಪತ್ರದ ವಿಷಯ ಅದಕ್ಕಿಂತ ದೊಡ್ಡದಿತ್ತು, ಅದನ್ನೂ ಬರೆಯಲೇಬೇಕಿತ್ತು.

ಕೃತ್ಯಕ್ಕೆ ಪ್ರೇರಣೆ ಎಂಬ ಅಂಕಣದಲ್ಲಿ ಅವರ ಪೆನ್ನು ಬಹಳ ಹೊತ್ತು ನಿಂತಿತು. ಬರೀ ನಾಚಿಕೆ ಇದ್ದಿದ್ದರೆ ಈ ಮನುಷ್ಯ ಸುಮ್ಮನಿರುತ್ತಿದ್ದರು. ಬರೀ ಭಯ ಇದ್ದಿದ್ದರೆ ಬಾಯಿ ಬಿಡುತ್ತಿದ್ದರು. ಎರಡೂ ಸೇರಿ ಅರವತ್ತೆಂಟನೆಯ ವಯಸ್ಸಿನಲ್ಲಿ ಅವರನ್ನು ಕಳ್ಳನನ್ನಾಗಿ ಮಾಡಿದ್ದವು. ಕೊನೆಗೆ ಅಂಕಣದಲ್ಲಿ 'ಆರೋಪಿಯ ಹೇಳಿಕೆ ನೋಡಿ' ಎಂದಷ್ಟೇ ಬರೆದರು.

ಹೇಳಿಕೆ ನಾಲ್ಕು ಪುಟ. ಓದಿ ಹೇಳಲು ಆಗದಿದ್ದುದರಿಂದ ಮಾವ ತಾವೇ ಓದಿ ಸಹಿ ಹಾಕಿದರು. ಅದರ ಕೊನೆಯಲ್ಲಿ ಹೀಗಿದೆ: "ಮನೆಯಲ್ಲಿ ಸೊಸೆ ಹಿಂದಿನಿಂದ ಕರೆದಾಗ ನಾನು ತಿರುಗುತ್ತಿರಲಿಲ್ಲ. ಮಾವನಿಗೆ ತನ್ನ ಮೇಲೆ ಮುನಿಸು ಎಂದುಕೊಂಡು ಅವಳು ಎಷ್ಟೋ ಸಲ ಅತ್ತಿದ್ದಾಳೆ. ನಾನು ನೋಡಿಯೂ ಸುಮ್ಮನಿದ್ದೆ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವನು ಅನ್ನಿಸಿಕೊಳ್ಳುವುದು ನನಗೆ ಸುಲಭವಾಗಿತ್ತು."