ಹೆಣದ ಕೈಗಡಿಯಾರ

ಕೊಲೆ ನಡೆದದ್ದು ಇನ್ನೂರು ವರ್ಷಗಳ ಹಿಂದೆ. ಆದರೂ ಚಿತ್ರಕಾರ ಹೆಣದ ಮಣಿಕಟ್ಟಿಗೆ ಕೈಗಡಿಯಾರ ಬಿಡಿಸಿದ. ಆಗ ಕೈಗಡಿಯಾರ ಇರಲಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಹೆಣ ಬರೀತಾ ಸಿಳ್ಳೆ ಹೊಡೀತೀಯಲ್ಲೋ," ಅಕ್ಕ ಬಾಗಿಲಲ್ಲಿ ನಿಂತು ಗದರಿದಳು. "ಕೇಳಿದೋರು ಏನಂದ್ಕೋಬೇಕು?"

ಅದು ನಾನೂರು ಪುಟದ ಗ್ರಾಫಿಕ್ ಕಾದಂಬರಿ. ತುಂಬಾ ಹಳೆಯ ಕಾಲದ ಕೊಲೆ, ವಿಷ, ಗಲ್ಲು. ಮುಟ್ಟಿದರೆ ಬೆರಳಿಗೆ ಹತ್ತೀತು ಅನ್ನುವಷ್ಟು ಕಪ್ಪು ಮಸಿ. ವಿವರಗಳನ್ನು ಸರಿನೋಡಲು ಪ್ರಕಾಶಕರು ಹಳೆಯ ದಾಖಲೆಗಳ ಪತ್ರಾಗಾರದವಳೊಬ್ಬಳನ್ನು ನೇಮಿಸಿದ್ದರು. ಪುಟ ಸರಿಯಿದ್ದರೆ ಅವಳು ಅಂಚೆಯಲ್ಲಿ ವಾಪಸ್ ಕಳಿಸುತ್ತಿದ್ದಳು. ತಪ್ಪಿದ್ದರೆ ಶನಿವಾರ ಖುದ್ದಾಗಿ ಬರುತ್ತಿದ್ದಳು. ಇದು ಗೊತ್ತಾದ ಮೇಲೆ ಪುಣ್ಯಾತ್ಮ ಒಂದು ಪುಟವನ್ನೂ ಸರಿಯಾಗಿ ಬರೆದಿರಲಿಲ್ಲ.

"ವಿಷ ಹಾಕಿದವಳ ಕೋಟಿಗೆ ಜಿಪ್ಪಾ?" ಎಂದು ಅವಳು ಹುಬ್ಬೇರಿಸುವಳು. ಆ ಹುಬ್ಬು ಕನ್ನಡಕದ ಮೇಲಕ್ಕೆ ಬರುವ ಗಳಿಗೆಗಾಗಿ ಅವನು ವಾರವಿಡೀ ಕಾಯುತ್ತಿದ್ದ.

"ಅಯ್ಯೋ, ಗಮನಿಸ್ಲೇ ಇಲ್ಲ ನೋಡಿ."

ಸೋಮವಾರ ಪ್ರಕಾಶಕರ ಫೋನ್ ಬಂತು. "ಇಷ್ಟೊಂದು ತಪ್ಪಾ? ಆಕೆ ನಿಮಗೆ ಸರಿಯಾಗಿ ಮಾಹಿತಿ ಕೊಡ್ತಿಲ್ಲ ಅನ್ಸುತ್ತೆ. ಇನ್ನೊಂದು ತಪ್ಪು ಬಂದ್ರೂ ಬೇರೆಯವರನ್ನ ಹಾಕ್ತೀನಿ."

ಅವನು ಫೋನ್ ಕೆಳಗಿಟ್ಟ. ತನ್ನ ಚೇಷ್ಟೆಗೆ ಅವಳ ಹೆಸರು ಕೆಡುವುದೇ? ಉಳಿದದ್ದು ಕೊನೆಯ ಪುಟ, ಗಲ್ಲಿನ ದೃಶ್ಯ. ಹಗ್ಗದ ಗಂಟಿನಿಂದ ಹಿಡಿದು ಅಂಗಿಯ ಗುಂಡಿಯವರೆಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬಿಡಿಸಿ ಕಳಿಸಿದ. ಇನ್ನು ಅವಳು ಬರುವುದಿಲ್ಲವೆಂದು ಸಂಕಟವಾಯಿತು. ಸಿಳ್ಳೆಯೂ ನಿಂತಿತು.

ಶನಿವಾರ ಅವಳು ಬಂದಳು. ಪುಟವನ್ನು ಮೇಜಿನ ಮೇಲಿಟ್ಟು, "ತಪ್ಪಿದೆ," ಎಂದಳು.

ಅವನು ಗಾಬರಿಯಿಂದ ಗಂಟು ನೋಡಿದ, ಗುಂಡಿ ಎಣಿಸಿದ. "ಇಲ್ವಲ್ರೀ!"

"ಅದನ್ನೇ ಹೇಳ್ತಿರೋದು. ಅಂಚೆ ಡಬ್ಬದ ತನಕ ಹೋದೆ, ಹಾಕೋಕೆ ಮನಸ್ಸೇ ಬರ್ಲಿಲ್ಲ. ಜಿಪ್ಪು ನೋಡಿದಾಗ್ಲೇ ಬೇಕಂತ್ಲೇ ಮಾಡ್ತಿದೀರಿ ಅಂತ ನನಗೆ ಅನುಮಾನ. ಗಡಿಯಾರ ನೋಡಿ ಖಾತ್ರಿ ಆಯ್ತು."

"ಗೊತ್ತಿದ್ರೂ ಯಾಕೆ ಬರ್ತಿದ್ರಿ? ಫೋನಲ್ಲೇ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು. ಪತ್ರಾಗಾರದಲ್ಲಿ ಮೂರು ಫೋನಿದೆ." ಅವಳ ಕಿವಿ ಕೆಂಪಾಯಿತು.

"ನೀವು ಬರ್ಲಿ ಅಂತಾನೇ ತಪ್ಪು ಮಾಡ್ತಿದ್ದೆ," ಎಂದ ಅವನು. "ನೀವಂದ್ರೆ ನಂಗೆ ತುಂಬಾ ಇಷ್ಟ."

ಜನ್ಮದಲ್ಲಿ ಒಂದು ತಾರೀಕನ್ನೂ ತಪ್ಪು ಬರೆಯದವಳು, ಅವನ ಪೆನ್ಸಿಲ್ ಎತ್ತಿಕೊಂಡು, ನೇಣು ಹಾಕುವವನ ಮಣಿಕಟ್ಟಿಗೆ ಪುಟ್ಟದೊಂದು ಕೈಗಡಿಯಾರ ಬಿಡಿಸಿದಳು. ಮುಳ್ಳು ಐದು ಗಂಟೆ ತೋರಿಸುತ್ತಿತ್ತು.

"ಮುಂದಿನ ಶನಿವಾರ, ಇಷ್ಟು ಹೊತ್ತಿಗೆ," ಎಂದಳು. "ತಿದ್ದೋಕೆ ಬರ್ತೀನಿ."